ಯಾರ ಮನೆ ಮುಂದೆ ಕೂರೋಣ? 73ನೇ ತಿದ್ದುಪಡಿ ಕೊಟ್ಟ ಹಕ್ಕು, ನಡೆಯದ ಚುನಾವಣೆ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಪಂಚಾಯಿತಿ ಕಚೇರಿಯ ಗೋಡೆಗೆ ಮರದ ಹಲಗೆಯೊಂದನ್ನು ಹೊಡೆದಿದ್ದಾರೆ. ಇದುವರೆಗಿನ ಅಧ್ಯಕ್ಷರ ಹೆಸರುಗಳು ಅದರಲ್ಲಿ ಬಿಳಿ ಬಣ್ಣದಲ್ಲಿವೆ. ಪಕ್ಕದಲ್ಲಿ 'ಇಂದ', 'ವರೆಗೆ' ಎಂದು ಎರಡು ಕಲಂ. ಕೊನೆಯ ಹೆಸರಿನ ಮುಂದೆ 'ವರೆಗೆ' ಎಂಬಲ್ಲಿ 2021 ಎಂದಿದೆ. ಅದರ ಕೆಳಗೆ ಇನ್ನೂ ಐದಾರು ಹೆಸರು ಹಿಡಿಸುವಷ್ಟು ಜಾಗ ಹಾಗೇ ಉಳಿದಿದೆ.

ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ದು ಒಂದು ರಾಜಕಾಲುವೆಯ ಅರ್ಜಿ ಹಿಡಿದು. ನಮ್ಮೂರ ಕೆರೆಗೆ ಮಳೆನೀರು ಬರುವ ಕಾಲುವೆಯನ್ನು ಮಧ್ಯದಲ್ಲಿ ಯಾರೋ ಮುಚ್ಚಿ ಜಮೀನಿಗೆ ಸೇರಿಸಿಕೊಂಡಿದ್ದಾರೆ. ಎರಡು ಮುಂಗಾರು ಕಳೆದರೂ ಕೆರೆಯ ತೂಬಿನ ಮಟ್ಟಕ್ಕೆ ನೀರು ಏರಿಲ್ಲ. ಅಧಿಕಾರಿಗಳು ಮೀಟಿಂಗಿಗೆ ಹೋಗಿದ್ದರು. ಗುಮಾಸ್ತರು ಅರ್ಜಿಗೆ ಸೀಲು ಹೊಡೆದು, ಟಪಾಲಿನ ನಂಬರು ಬರೆದುಕೊಟ್ಟರು. ಹೊರಗೆ ಬೇವಿನ ಮರದ ನೆರಳಲ್ಲಿ ನಿಂತಾಗ ನಮ್ಮ ಜೊತೆ ಬಂದಿದ್ದ ಹಿರಿಯ ಹೆಂಗಸು ಹೇಳಿದರು: "ಮುಂಚೆ ಆಗಿದ್ರೆ ಮೆಂಬ್ರು ಮನೆ ಮುಂದೆ ಹೋಗಿ ಕೂತ್ಕಳ್ತಿದ್ವಿ ಕಣಣ್ಣ. ಈಗ ಯಾರ ಮನೆ ಮುಂದೆ ಕೂತ್ಕಳಾದು?"

ಆ ಅಮ್ಮ ಸಂವಿಧಾನ ಓದಿದವರಲ್ಲ. ಆದರೆ ಅವರು ಕೇಳಿದ್ದು 73ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 243ಇ ವಿಧಿಯ ಪ್ರಶ್ನೆಯನ್ನೇ.

ಆ ವಿಧಿ ಹೇಳುವುದು ಇಷ್ಟು. ಪ್ರತಿ ಪಂಚಾಯಿತಿಯ ಅವಧಿ ಅದರ ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಐದು ವರ್ಷ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಅವಧಿಗೆ ಮುಂಚೆಯೇ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಅನುಕೂಲ ನೋಡಿಕೊಂಡು ಮಾಡಿ ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದು ಕೂತರು. 2025 ಕಳೆದರೂ ಆ ಕುರ್ಚಿಗಳಿಗೆ ಜನ ಆರಿಸಿದವರು ಬರಲಿಲ್ಲ. ಸಂವಿಧಾನ ಒಂದು ಪೂರ್ತಿ ಅವಧಿಗೆ ಕೊಟ್ಟಿದ್ದು ಐದು ವರ್ಷ; ಹೆಚ್ಚುಕಡಿಮೆ ಅಷ್ಟೇ ಕಾಲ ಅದು ಖಾಲಿಯಾಗಿ ಸವೆಯಿತು.

ಸಂವಿಧಾನ ತಿದ್ದುಪಡಿ ಎಂದಾಗ ನಮಗೆ ನೆನಪಾಗುವುದು ಬೇರೆ ಬೇರೆ. 1951ರ ಮೊದಲನೇ ತಿದ್ದುಪಡಿ 15(4)ನೇ ವಿಧಿ ತಂದು, ಹಿಂದುಳಿದವರಿಗೆ ಶಿಕ್ಷಣದಲ್ಲಿ ಮೀಸಲು ಕೊಡಲು ದಾರಿ ಮಾಡಿತು. ಅದೇ ತಿದ್ದುಪಡಿ ವಾಕ್ ಸ್ವಾತಂತ್ರ್ಯದ ಮೇಲೆ ಹೊಸ ನಿರ್ಬಂಧಗಳನ್ನೂ ಹಾಕಿತು. ಒಂದೇ ಮಸೂದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳಬಹುದು ಎಂಬುದಕ್ಕೆ ಅದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ. ತುರ್ತು ಪರಿಸ್ಥಿತಿಯ ಕಹಿ ಉಂಡ ಮೇಲೆ 1978ರ 44ನೇ ತಿದ್ದುಪಡಿ ಬಂತು. ಯಾವ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯಕೂಡದು ಎಂದು ಅದು ಹೇಳಿತು. 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಅದು ಜಾರಿಗೆ ಬರಲು ಮಾತ್ರ 2010ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

73ನೇ ತಿದ್ದುಪಡಿ ಇವುಗಳ ಸಾಲಿನಲ್ಲಿ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಅದು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಲ್ಲ, 9ನೇ ಭಾಗದಲ್ಲಿದೆ. 'ಪ್ರತಿಯೊಬ್ಬ ನಾಗರಿಕನಿಗೂ ಹಕ್ಕಿದೆ' ಎಂಬ ಧಾಟಿ ಅದಕ್ಕಿಲ್ಲ. ಗ್ರಾಮ, ಮಧ್ಯಂತರ ಮತ್ತು ಜಿಲ್ಲಾ ಮಟ್ಟದಲ್ಲಿ ಪಂಚಾಯಿತಿ ಇರಬೇಕು. ಸ್ಥಾನಗಳನ್ನು ನೇರ ಚುನಾವಣೆಯಿಂದ ತುಂಬಬೇಕು. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಪಾಲು, ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆಯಿಲ್ಲದ ಪಾಲು. ಚುನಾವಣೆ ನಡೆಸಲು ಸ್ವತಂತ್ರ ರಾಜ್ಯ ಚುನಾವಣಾ ಆಯೋಗ. ಓದಲು ಇಲಾಖೆಯ ಸುತ್ತೋಲೆಯ ಹಾಗೆ ಕಾಣುತ್ತದೆ. ಆದರೆ ಹಳ್ಳಿಯಲ್ಲಿ ಬದುಕುವವರಿಗೆ ಸಂವಿಧಾನ ಕೈಗೆಟಕುವುದು ಇಲ್ಲೇ ಎಂದು ನಾನು ತಿಳಿದಿದ್ದೇನೆ. ಶಾಸಕರು ಲಕ್ಷಗಟ್ಟಲೆ ಮತದಾರರಿಗೆ ಒಬ್ಬರು. ತಾಲ್ಲೂಕು ಪಂಚಾಯಿತಿ ಸದಸ್ಯೆಯ ಮನೆ ಮೂರನೇ ಊರಿನಲ್ಲಿರುತ್ತದೆ. ಸಂತೆಯಲ್ಲಿ ಸಿಗುತ್ತಾರೆ, ಡೇರಿ ಮುಂದೆ ಸಿಗುತ್ತಾರೆ, ಕೇಳಿದ್ದಕ್ಕೆ ಜವಾಬು ಹೇಳದೆ ತಪ್ಪಿಸಿಕೊಂಡು ತಿರುಗಲು ಆಗುವುದಿಲ್ಲ.

ಜವಾಬು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧ ಮುರಿದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗಿನ ಮೈಸೂರು ಸಂಸ್ಥಾನದಲ್ಲಿ ಜನ ಕೇಳುತ್ತಿದ್ದುದಕ್ಕೆ 'ಜವಾಬ್ದಾರಿ ಸರ್ಕಾರ' ಎಂದು ಹೆಸರು. ಆಳುವವರು ದಿವಾನರಿಗೆ, ಮಹಾರಾಜರಿಗೆ ಉತ್ತರ ಕೊಟ್ಟರೆ ಸಾಲದು, ನಮಗೆ ಉತ್ತರ ಕೊಡಬೇಕು ಎಂಬುದೇ ಆ ಬೇಡಿಕೆ. ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಅದೇ ಚಳವಳಿಯಿಂದ ಬಂದು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು, ಸಂವಿಧಾನ ಸಭೆಯಲ್ಲೂ ಕೂತರು.

ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ದೊಡ್ಡ ವಾಗ್ವಾದವೇ ಆಯಿತು. 1948ರ ನವೆಂಬರ್ 4ರಂದು ಕರಡು ಮಂಡಿಸುತ್ತಾ ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಕೋಮುಭಾವದ ಗೂಡು ಎಂದು ಕರೆದರು. ಹಳ್ಳಿಯ ಕೈಗೆ ಅಧಿಕಾರ ಕೊಟ್ಟರೆ ಅದು ಹಳೆಯ ಗೌಡರ, ಶಾನುಭೋಗರ ಕೈಗೇ ಹೋಗುತ್ತದೆ ಎಂಬ ಭಯಕ್ಕೆ ಕಾರಣವಿತ್ತು; ನಮ್ಮ ಕೇರಿಗಳನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಕೊನೆಗೆ ಪಂಚಾಯಿತಿ 40ನೇ ವಿಧಿಯಲ್ಲಿ ನಿರ್ದೇಶಕ ತತ್ವವಾಗಿ ಉಳಿಯಿತು. ಸರ್ಕಾರ ಮಾಡಿದರೆ ಒಳ್ಳೆಯದು, ಮಾಡದಿದ್ದರೆ ಕೋರ್ಟಿಗೆ ಹೋಗಲು ಬರುವುದಿಲ್ಲ. ಹೀಗೆ ನಾಲ್ಕು ದಶಕ ಕಳೆಯಿತು. 1992ರ ಡಿಸೆಂಬರಿನಲ್ಲಿ ಸಂಸತ್ತು 73ನೇ ತಿದ್ದುಪಡಿಯನ್ನು ಅಂಗೀಕರಿಸಿ, 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂದಾಗ, ಅಂಬೇಡ್ಕರ್ ಎತ್ತಿದ ಆಕ್ಷೇಪಕ್ಕೆ ಒಂದು ಉತ್ತರವೂ ಅದರೊಳಗಿತ್ತು. 243ಡಿ ವಿಧಿ ಸದಸ್ಯ ಸ್ಥಾನದಲ್ಲಿ ಮಾತ್ರವಲ್ಲ, ಅಧ್ಯಕ್ಷರ ಕುರ್ಚಿಯಲ್ಲೂ ಪರಿಶಿಷ್ಟರಿಗೆ, ಮಹಿಳೆಯರಿಗೆ ಪಾಲು ಇಟ್ಟಿತು. ಕರ್ನಾಟಕ 2010ರಲ್ಲಿ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು.

ಈಗ ಲೆಕ್ಕ ಹಾಕಿ. 2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಾಲ್ಕರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ನೆರೆಯ ಕೋಲಾರದಲ್ಲಿ ಇನ್ನೂ ಹೆಚ್ಚು, ನೂರಕ್ಕೆ 30ರಷ್ಟು. ಚುನಾವಣೆ ನಡೆಯದಿದ್ದರೆ ಎಲ್ಲರಿಗೂ ನಷ್ಟ ಎನ್ನುವುದು ನಿಜ, ಆದರೆ ಎಲ್ಲರಿಗೂ ಒಂದೇ ಸಮ ಅಲ್ಲ. ಜಮೀನು, ಜಾತಿ, ನೆಂಟಸ್ತಿಕೆ ಇದ್ದವರಿಗೆ ಆಫೀಸಿನಲ್ಲಿ ಕೆಲಸ ಮಾಡಿಸಿಕೊಳ್ಳಲು ಬೇರೆ ದಾರಿಗಳಿವೆ. ಮೀಸಲು ಕ್ಷೇತ್ರದಿಂದ ಗೆದ್ದು ಬರಬೇಕಿದ್ದ ಹೆಂಗಸಿಗೆ ಇದ್ದದ್ದು ಈ ಒಂದೇ ಬಾಗಿಲು.

ಅಂಥ ಒಬ್ಬರನ್ನು ನಾನು ಬಲ್ಲೆ. ಶಿಡ್ಲಘಟ್ಟದ ಕಡೆಯವರು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. 2016ರಲ್ಲಿ ಪರಿಶಿಷ್ಟ ಜಾತಿ ಮಹಿಳಾ ಮೀಸಲಿನಲ್ಲಿ ತಾಲ್ಲೂಕು ಪಂಚಾಯಿತಿಗೆ ಗೆದ್ದರು. ಮೊದಲ ವರ್ಷ ಅವರ ಫೋನನ್ನು ಗಂಡನೇ ಎತ್ತುತ್ತಿದ್ದ, ಸಭೆಗೂ ಜೊತೆಗೆ ಬರುತ್ತಿದ್ದ. ಎರಡನೇ ವರ್ಷ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಹೊತ್ತಿಗೇ ಸಭೆ ಬಂತು. ಸೊಪ್ಪು ಹಾಕಲು ಮನೆಯಲ್ಲಿ ಒಬ್ಬರು ಇರಲೇಬೇಕಾದ್ದರಿಂದ ಗಂಡ ಉಳಿದ, ಇವರು ಒಬ್ಬರೇ ಬಸ್ಸು ಹತ್ತಿದರು. ಅಂದು ಅಂಗನವಾಡಿಯ ಚಾವಣಿ ಸೋರುವ ವಿಷಯ ಎತ್ತಿ, ಅದು ನಡವಳಿಯಲ್ಲಿ ದಾಖಲಾಗುವವರೆಗೆ ಕೂರಲಿಲ್ಲ. ಅಲ್ಲಿಂದ ಮುಂದೆ ಫೋನು ಅವರ ಕೈಯಲ್ಲೇ ಇತ್ತು. ಒಬ್ಬ ಜನಪ್ರತಿನಿಧಿ ತಯಾರಾಗುವುದು ಹೀಗೆ, ವರ್ಷಗಳು ಹಿಡಿಯುತ್ತವೆ. 2021ರಲ್ಲಿ ಇವರ ಜಾಗಕ್ಕೆ ಬರಬೇಕಿದ್ದ ಮುಂದಿನ ಹೆಂಗಸು ಬರಲೇ ಇಲ್ಲ.

ಚುನಾವಣೆ ನಿಂತದ್ದು ಹೇಗೆ? ಯಾವುದೇ ಸರ್ಕಾರ 'ಮಾಡುವುದಿಲ್ಲ' ಎಂದು ಹೇಳಲಿಲ್ಲ. ಕ್ಷೇತ್ರ ಪುನರ್‌ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ ಎಂಬ ಎರಡು ಕೆಲಸಗಳು ಮುಗಿಯಬೇಕು ಎಂದಿತು. ಮೊದಲು ಈ ಕೆಲಸ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. ಆಯೋಗ 2021ರಲ್ಲಿ ತಯಾರಿಯನ್ನೂ ಮಾಡಿಕೊಂಡಿತ್ತು. ಆ ವರ್ಷವೇ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಆ ಅಧಿಕಾರವನ್ನು ಆಯೋಗದಿಂದ ತೆಗೆದು, ಬೇರೆಯೇ ಸೀಮಾ ನಿರ್ಣಯ ಆಯೋಗ ರಚಿಸಿತು. ಸಂವಿಧಾನ ತಿದ್ದುಪಡಿ ಕೊಟ್ಟ ಹಕ್ಕನ್ನು ರಾಜ್ಯದ ಕಾಯ್ದೆಯ ತಿದ್ದುಪಡಿ ಹೀಗೆ ಮುಂದೂಡಿತು. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ವಾಯಿದೆ ಮೇಲೆ ವಾಯಿದೆ ಕೇಳಿದ್ದಕ್ಕೆ 2022ರ ಡಿಸೆಂಬರಿನಲ್ಲಿ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ಹಲಗೆಯ ಮೇಲಿನ ಖಾಲಿ ಜಾಗ ಹಾಗೇ ಉಳಿಯಿತು. ಆದ್ದರಿಂದ ಇದನ್ನು ಒಂದು ಪಕ್ಷದ ತಪ್ಪು ಎಂದು ಬರೆದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಹಿಂದುಳಿದ ವರ್ಗಗಳ ಮೀಸಲಿನ ತೊಡಕು ನಿಜವಾದದ್ದು, ಅದನ್ನು ನೆಪ ಎಂದು ತಳ್ಳಿಹಾಕಬಾರದು. ಕರ್ನಾಟಕದ್ದೇ ಆದ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಸ್ಥಳೀಯ ಸಂಸ್ಥೆಗಳ ಮೀಸಲಿಗೆ ಅಂಕಿ-ಅಂಶದ ಆಧಾರ ಬೇಕು, ಒಟ್ಟು ಮೀಸಲು ಅರ್ಧ ದಾಟಬಾರದು ಎಂದಿತ್ತು. 2021ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಅದನ್ನು ಮೂರು ಹಂತದ ಪರೀಕ್ಷೆಯಾಗಿ ಬಿಗಿ ಮಾಡಿತು: ಪ್ರತ್ಯೇಕ ಆಯೋಗ ಅಧ್ಯಯನ ಮಾಡಬೇಕು, ಪ್ರಮಾಣ ನಿಗದಿಯಾಗಬೇಕು, ಅರ್ಧದ ಮಿತಿ ಮೀರಬಾರದು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಪಾಲು ಬಿಟ್ಟು ಚುನಾವಣೆ ಮಾಡಿ ಎಂದು ಯಾರೂ ಸುಲಭವಾಗಿ ಹೇಳಲಾರರು. ಆದರೆ ವರದಿ ಬಂದ ಮೇಲೂ ವರ್ಷಗಟ್ಟಲೆ ಕಡತ ಅತ್ತಿಂದಿತ್ತ ಓಡಾಡುತ್ತಿದ್ದರೆ, ಹಿಂದುಳಿದವರ ಹೆಸರಿನಲ್ಲಿ ಹಿಂದುಳಿದವರನ್ನೇ ಹೊರಗಿಟ್ಟ ಹಾಗಾಯಿತು.

ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಎರಡು ಸಲ ಸ್ಪಷ್ಟವಾಗಿ ಮಾತಾಡಿದೆ. 2006ರಲ್ಲಿ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಐದು ವರ್ಷದೊಳಗೆ ಚುನಾವಣೆ ಮುಗಿಸುವುದು ಚುನಾವಣಾ ಆಯೋಗದ ಕರ್ತವ್ಯ, ಪ್ರಕೃತಿ ವಿಕೋಪದಂಥ ಅಸಾಧಾರಣ ಕಾರಣ ಬಿಟ್ಟರೆ ಮುಂದೂಡುವಂತಿಲ್ಲ ಎಂದಿತು. 2022ರ ಮೇ 10ರಂದು ಮಧ್ಯಪ್ರದೇಶದ ಪ್ರಕರಣದಲ್ಲಿ, ಪುನರ್‌ವಿಂಗಡಣೆ ಬಾಕಿ ಇದೆ ಅಥವಾ ಮೂರು ಹಂತದ ಪರೀಕ್ಷೆ ಮುಗಿದಿಲ್ಲ ಎಂದು ಅವಧಿ ಮುಗಿದ ಸಂಸ್ಥೆಗಳ ಚುನಾವಣೆ ನಿಲ್ಲಿಸಬಾರದು, ಈ ಮಾತು ಎಲ್ಲ ರಾಜ್ಯಗಳಿಗೂ ಅನ್ವಯ ಎಂದಿತು. ಇಷ್ಟಾದ ಮೇಲೂ ನಮ್ಮಲ್ಲಿ ಕಾಯುವುದೇ ಆಯಿತು. ಪುನರ್‌ವಿಂಗಡಣೆ ಎಂಬ ಪದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಕೊಡುವ 2023ರ 106ನೇ ತಿದ್ದುಪಡಿಯ ಬಾಗಿಲಿಗೂ ಅದೇ ಬೀಗ ಹಾಕಿದ್ದಾರೆ: ಜನಗಣತಿ ಆಗಬೇಕು, ಪುನರ್‌ವಿಂಗಡಣೆ ಆಗಬೇಕು, ಆಮೇಲೆ.

ಕರ್ನಾಟಕಕ್ಕೆ ಇದು ಮೊದಲ ಸಲವೂ ಅಲ್ಲ. ದೇಶಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ ಅದರ ಅಚ್ಚು ತಯಾರಾದದ್ದು ಇಲ್ಲಿ. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ರೂಪಿಸಿದರು. 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತುಗಳು ಬಂದವು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಹಿರಿಯ ಐಎಎಸ್ ಅಧಿಕಾರಿ, ಮಹಿಳೆಯರಿಗೆ ನೂರಕ್ಕೆ 25 ಸ್ಥಾನ. ಬಯಲುಸೀಮೆಯ ಊರೂರಿಗೆ ಕೊಳವೆಬಾವಿ ಹಾಕಿಸಿದ್ದಕ್ಕೆ ನಜೀರ್ ಸಾಬರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ನಮ್ಮ ಸೀಮೆಯ ಹಿರಿಯರ ಬಾಯಲ್ಲಿ ಆ ಹೆಸರು ಇಂದಿಗೂ ಇದೆ. ಆದರೆ 1992ರಲ್ಲಿ ಆ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಮುಂದಿನ ಜಿಲ್ಲಾ ಪಂಚಾಯಿತಿ ಚುನಾವಣೆಗೆ 1995ರವರೆಗೆ ಕಾಯಬೇಕಾಯಿತು. ಕಾಯ್ದೆ ಎಷ್ಟೇ ಒಳ್ಳೆಯದಿದ್ದರೂ ಮುಂದೆ ಬಂದ ಸರ್ಕಾರ ಅದನ್ನು ಮೂಲೆಗಿಡಬಹುದು ಎಂಬ ಇಂಥ ಅನುಭವಗಳಿಂದಲೇ ಐದು ವರ್ಷದ ಗಡುವು ಸಂವಿಧಾನದೊಳಕ್ಕೇ ಹೋಗಬೇಕಾಯಿತು. ಆ ಗಡುವನ್ನೂ ದಾಟಿಬಿಟ್ಟಿದ್ದೇವೆ ಎನ್ನುವುದು ನನ್ನನ್ನು ಕಾಡುವ ಸಂಗತಿ.

ಸದಸ್ಯರಿಲ್ಲದಿದ್ದರೆ ಏನು ಮುಳುಗಿತು, ಅಧಿಕಾರಿಗಳು ಇದ್ದಾರಲ್ಲ, ಶಾಸಕರಿದ್ದಾರಲ್ಲ ಎಂದು ಓದಿದವರೂ ಕೇಳುತ್ತಾರೆ. ಅದಕ್ಕೆ ನಮ್ಮ ರಾಜಕಾಲುವೆಯನ್ನೇ ಇಟ್ಟುಕೊಂಡು ಉತ್ತರ ಹೇಳುತ್ತೇನೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಕುಡಿಯುವ ನೀರು, ಸಣ್ಣ ನೀರಾವರಿ, ಹೈನುಗಾರಿಕೆ, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಸಂತೆ, ಪಡಿತರ ಎಲ್ಲವೂ ಅದರಲ್ಲಿವೆ. ನಮ್ಮಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಯ ಪಾಲಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಕೋಲಾರ, ಚಿಕ್ಕಬಳ್ಳಾಪುರದಂಥ, ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ಸೀಮೆಯಲ್ಲಿ ಇದರ ಅರ್ಥ ದೊಡ್ಡದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಕಂದವಾರ ಕೆರೆಗೆ ತಂದರು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಸಿದರು. ಎರಡೇ ಹಂತದ ಸಂಸ್ಕರಣೆ ಸಾಕೇ, ಮೂರನೇ ಹಂತ ಬೇಡವೇ ಎಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಬೀದಿಯಲ್ಲಿ ಕೇಳಿದರು, ಕೋರ್ಟಿನಲ್ಲಿ ಕೇಳಿದರು. ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕೇಳೋಣವೆಂದರೆ 2021ರಿಂದ ಆ ಸಭೆಯೇ ಇಲ್ಲ.

ಆಡಳಿತಾಧಿಕಾರಿ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ನಾನು ಕಂಡವರಲ್ಲಿ ರಾತ್ರಿ ಎಂಟರವರೆಗೆ ಕೂತು ಕೆಲಸ ಮಾಡುವವರೂ ಇದ್ದರು. ಆದರೆ ಅವರು ಜವಾಬು ಹೇಳಬೇಕಾದ್ದು ಮೇಲಕ್ಕೆ, ಬೆಂಗಳೂರಿಗೆ. ವರ್ಗವಾದ ದಿನ ನಮ್ಮ ಕಾಲುವೆಯೂ ಅವರ ಮೇಜಿನಿಂದ ಹೋಗಿಬಿಡುತ್ತದೆ. ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ಪ್ರಗತಿ ಪರಿಶೀಲನೆಗೆ ಇರುವುದು. ಪಕ್ಕದ ಹೋಬಳಿಗೆ ಹೆಚ್ಚು ಹೋಯಿತು, ನಮಗೆ ಕಡಿಮೆ ಬಂತು ಎಂದು ಮೇಜು ಕುಟ್ಟಿ ಕೇಳುವ ಸದಸ್ಯರು ಅಲ್ಲಿ ಇರುವುದಿಲ್ಲ. ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಲ್ಲಿಂದಲೇ ಬರಬೇಕು ಎಂದು 74ನೇ ತಿದ್ದುಪಡಿ ಹೇಳುತ್ತದೆ. ಜಿಲ್ಲಾ ಪಂಚಾಯಿತಿಯೇ ಇಲ್ಲದಾಗ ಆ ಸಮಿತಿ ಕುಂಟುತ್ತದೆ. ಹಣದ ಮಾತೂ ಇದೆ: 15ನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬುದು ಷರತ್ತಾಗಿತ್ತು.

ಶಾಸಕರ ವಿಷಯ ಬೇರೆ. ಪಕ್ಷ ಯಾವುದೇ ಇರಲಿ, ಕೆಲಸ ಬಲ್ಲ ಜಿಲ್ಲಾ ಪಂಚಾಯಿತಿ ಸದಸ್ಯ ಐದು ವರ್ಷದಲ್ಲಿ ಮುಂದಿನ ವಿಧಾನಸಭೆ ಟಿಕೆಟಿನ ಆಕಾಂಕ್ಷಿಯಾಗಿ ಬೆಳೆಯುತ್ತಾನೆ. ಚುನಾವಣೆ ಬೇಗ ಆಗಲಿ ಎಂದು ವಿಧಾನಸೌಧದಲ್ಲಿ ಗಟ್ಟಿ ದನಿ ಏಳದಿರಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಗ್ರಾಮ ಪಂಚಾಯಿತಿಗಳ ಕಡೆಗೂ ಗಮನವಿರಬೇಕು: ಅವಕ್ಕೆ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ, ಐದು ವರ್ಷದ ಲೆಕ್ಕ 2026ರ ಆರಂಭಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ನಾಗರಿಕರ ಕೈಯಲ್ಲಿ ಏನಿದೆ? ಕ್ಷೇತ್ರ ಮತ್ತು ಮೀಸಲಿನ ಕರಡು ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ. ನಮ್ಮ ಊರು ಯಾವ ಕ್ಷೇತ್ರಕ್ಕೆ ಸೇರಿತು, ಅದೇ ಕ್ಷೇತ್ರಕ್ಕೆ ಸತತವಾಗಿ ಒಂದೇ ಮೀಸಲು ಬಂತೇ ಎಂದು ಆಗಲೇ ನೋಡಿ ಬರೆದುಕೊಡಬೇಕು. ಏಕೆಂದರೆ 243ಓ ವಿಧಿ, ಕ್ಷೇತ್ರ ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಕ್ಕೆ ಅಡ್ಡ ನಿಲ್ಲುತ್ತದೆ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆಡಳಿತಾಧಿಕಾರಿಯ ಕಾಲದ ಕ್ರಿಯಾ ಯೋಜನೆ ಕೇಳಬಹುದು. ಎಲ್ಲಕ್ಕಿಂತ ಗಟ್ಟಿಯಾದದ್ದು ಗ್ರಾಮ ಸಭೆ. ಅದು 73ನೇ ತಿದ್ದುಪಡಿಯ 243ಎ ವಿಧಿಯಿಂದ ಹುಟ್ಟಿದ್ದು. ಅದಕ್ಕೆ ಚುನಾವಣೆ ಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ನಮ್ಮ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮೂರ ಗ್ರಾಮ ಸಭೆಯಲ್ಲಿ ಹೋದ ಸಲ ರಾಜಕಾಲುವೆ ಸರ್ವೆ ಮಾಡಿಸಬೇಕೆಂಬ ನಿರ್ಣಯವನ್ನು ಬರೆಸಿದೆವು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನಡವಳಿ ಪುಸ್ತಕದಲ್ಲಿ ಬರೆದು ಓದಿ ಹೇಳುವವರೆಗೆ ಯಾರೂ ಏಳಲಿಲ್ಲ. ಆ ನಿರ್ಣಯದ ನಕಲು ಈಗ ಅರ್ಜಿಯ ಜೊತೆ ಲಗತ್ತಾಗಿದೆ.

ಅರ್ಜಿ ಕೊಟ್ಟು ಬರುವ ದಾರಿಯಲ್ಲಿ ಶಿಡ್ಲಘಟ್ಟದ ಆ ಮಾಜಿ ಸದಸ್ಯೆಯ ಮನೆಗೆ ಹೋದೆವು. ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಕೈ ತೊಳೆದುಕೊಂಡು ಬಂದು ಒಳಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. 2016ರಲ್ಲಿ ಜನ ಹೇಳಿದ ಕೆಲಸಗಳನ್ನು ಬರೆದುಕೊಳ್ಳಲು ಶುರು ಮಾಡಿದ ಪುಸ್ತಕವದು. ಆದ ಕೆಲಸಕ್ಕೆ ಹಸಿರು ಗೆರೆ. 2021ರ ಪುಟದಲ್ಲಿ ಅದು ನಿಂತಿರುತ್ತದೆ ಎಂದುಕೊಂಡಿದ್ದೆ, ನಿಂತಿರಲಿಲ್ಲ. "ನಂಗೇನೂ ಅಧಿಕಾರ ಇಲ್ಲ, ಬರಕೊಂಡು ಏನ್ ಮಾಡ್ಲಿ ಅಂತೀನಿ ಅಣ್ಣ. ಆದ್ರೂ ಬಂದು ಬರೆಸ್ತಾರೆ" ಎಂದರು. ಆಮೇಲೆ ಪೆನ್ನಿನ ಕ್ಯಾಪು ತೆಗೆದು, ನಮ್ಮ ಕೆರೆಯ ಹೆಸರು ಕೇಳಿದರು.